ಅಡಿಗೆಮನೆ ಕಪಾಟು ಕೂರಿಸುವಾಗ ಡ್ರಿಲ್ ಪುಡಿ ನೋಡಿ

2011ರ ಮಳೆಗಾಲ. ರಾತ್ರಿ ಎರಡು ಗಂಟೆ ಇರಬಹುದು. ಅಡಿಗೆಮನೆಯಲ್ಲಿ ಧಡ್ ಅಂತ ಸದ್ದಾಯಿತು. ಬೆಕ್ಕು ಪಾತ್ರೆ ಬೀಳಿಸಿತು ಅಂದುಕೊಂಡು ಎದ್ದೆ. ಲೈಟ್ ಹಾಕಿ ನೋಡಿದರೆ, ನಾನೇ ಮಾಡಿ ನಾನೇ ಗೋಡೆಗೆ ಹೊಡೆದಿದ್ದ ಕಪಾಟು ಕಟ್ಟೆಯ ಮೇಲೆ ಮಕಾಡೆ ಬಿದ್ದಿತ್ತು. ಅಕ್ಕಿ, ತೊಗರಿಬೇಳೆ, ಶೇಂಗಾ ಎಲ್ಲಾ ನೆಲದ ಮೇಲೆ. ಗ್ಯಾಸ್ ಒಲೆಯ ಗಾಜು ಚೂರುಚೂರು. ಅವ್ವ ಬಾಗಿಲಲ್ಲಿ ನಿಂತು, "ಊರೋರ ಮನಿಗೆಲ್ಲಾ ಕಪಾಟು ಹೊಡಿತೀಯಲ್ಲೋ" ಅಂದಳು. ಅಷ್ಟೇ ಅಂದಿದ್ದು. ಬೆಳಗಿನ ತನಕ ಬೇಳೆಯಿಂದ ಗಾಜು ಆರಿಸಲು ನೋಡಿ, ಕೊನೆಗೆ ಎಲ್ಲಾ ಚೆಲ್ಲಿದೆವು.

ಬೆಳಿಗ್ಗೆ ಸ್ಕ್ರೂಗಳನ್ನು ಕೈಯಲ್ಲಿ ಹಿಡಿದು ನೋಡಿದೆ. ಒಂದೂ ಮುರಿದಿರಲಿಲ್ಲ, ಒಂದೂ ಬಗ್ಗಿರಲಿಲ್ಲ. ನಾಲ್ಕೂ ಪ್ಲಗ್ (ಸ್ಕ್ರೂ ಹಿಡಿಯಲಿ ಅಂತ ಗೋಡೆಯ ತೂತಿಗೆ ಹೊಡೆಯುವ ಪ್ಲಾಸ್ಟಿಕ್ ಕೊಳವೆ) ಸಮೇತ ಹೊರಗೆ ಬಂದಿದ್ದವು. ಪ್ರತಿ ಪ್ಲಗ್ಗಿನ ಸುತ್ತ ಸಿಮೆಂಟ್ ಗಾರೆ ವಡೆಯ ಹಾಗೆ ಅಂಟಿಕೊಂಡಿತ್ತು. ಟೇಪ್ ಹಿಡಿದು ಲೆಕ್ಕ ಹಾಕಿದೆ. ನಾನು ಹಾಕಿದ್ದು 50 ಎಂಎಂ ಸ್ಕ್ರೂ. ಕಪಾಟಿನ ಒಳಪಟ್ಟಿ 18, ಹಿಂದಿನ ಹಲಗೆ 8, ಗೋಡೆಯ ಗಾರೆ 15. ಒಟ್ಟು 41. ಅಂದರೆ ಇಟ್ಟಿಗೆಯೊಳಗೆ ಹೋಗಿದ್ದು ಬರೀ 9 ಎಂಎಂ. ಒಂದು ಶೇಂಗಾ ಬೀಜದಷ್ಟು! ಅಷ್ಟರ ಮೇಲೆ ಒಂದು ತಿಂಗಳ ರೇಷನ್ ನಿಂತಿತ್ತು.

ನಾನು ದಾವಣಗೆರೆಯಲ್ಲಿ ಮರಗೆಲಸ ಮಾಡುವವನು. ಅಪ್ಪನೂ ಅದೇ ಕೆಲಸದವರು. ಅವರ ಕಾಲದಲ್ಲಿ ಅಡಿಗೆಮನೆಗೆ ಗೋಡೆಯಲ್ಲೇ ಗೂಡು ಬಿಟ್ಟು ಕಡಪಾ ಕಲ್ಲು ಕೂರಿಸುತ್ತಿದ್ದರು. ಕಲ್ಲು ಗೋಡೆಯ ಒಳಗೇ ಕೂತಿರುತ್ತಿತ್ತು, ಬೀಳುವ ಮಾತೇ ಇರಲಿಲ್ಲ. ಈಗಿನ ಕಪಾಟು ಗೋಡೆಯ ಹೊರಗೆ ನೇತಾಡುತ್ತದೆ. ಮನೆಯವರು ತಾವೇ ಕೂರಿಸಿದರೂ ಸರಿ, ನಮ್ಮಂಥವರ ಕೈಲಿ ಮಾಡಿಸಿದರೂ ಸರಿ, ಕೆಳಗಿನದನ್ನು ಒಮ್ಮೆ ಓದಿಕೊಂಡು ಪಕ್ಕದಲ್ಲಿ ನಿಂತು ನೋಡಿ.

ಮೊದಲು ತೂಕ. ಮೂರು ಅಡಿ ಅಗಲ, ಎರಡೂವರೆ ಅಡಿ ಎತ್ತರ, ಒಂದು ಅಡಿ ಆಳದ ಕಪಾಟು 18 ಎಂಎಂ ಪ್ಲೈವುಡ್‌ನಲ್ಲಿ ಮಾಡಿದರೆ ಖಾಲಿಯೇ 25 ಕೆ.ಜಿ. ಆಸುಪಾಸು ಬರುತ್ತದೆ. ಅದಕ್ಕೆ ಅಕ್ಕಿ, ಜೋಳ, ಸಕ್ಕರೆ, ಸ್ಟೀಲ್ ಡಬ್ಬ ತುಂಬಿದರೆ ಇನ್ನೊಂದು 40-50 ಕೆ.ಜಿ. ಒಬ್ಬ ದೊಡ್ಡ ಮನುಷ್ಯ ಹಗಲೂ ರಾತ್ರಿ ಗೋಡೆಗೆ ಜೋತುಬಿದ್ದ ಹಾಗೆ. ಈ ತೂಕ ನೇರ ಕೆಳಗೆ ಮಾತ್ರ ಎಳೆಯುವುದಿಲ್ಲ. ಕಪಾಟಿನ ಕೆಳಗಿನ ಅಂಚು ಗೋಡೆಗೆ ಒತ್ತುತ್ತದೆ, ಮೇಲಿನ ಅಂಚು ಗೋಡೆ ಬಿಟ್ಟು ಮುಂದೆ ಬರಲು ನೋಡುತ್ತದೆ. ಹಾಗಾಗಿ ಜೀವ ಇರುವುದು ಮೇಲಿನ ಸಾಲಿನ ಸ್ಕ್ರೂಗಳಲ್ಲಿ.

ಆ ಸ್ಕ್ರೂ ಬರೀ ಹಿಂದಿನ ತೆಳು ಹಲಗೆಯನ್ನು ಹಿಡಿದರೆ ಪ್ರಯೋಜನ ಇಲ್ಲ. ಹಲಗೆ ಹರಿದುಕೊಂಡು ಕಪಾಟು ಮುಂದೆ ಬರುತ್ತದೆ, ಹಲಗೆ ಮಾತ್ರ ಗೋಡೆಗೆ ಅಂಟಿಕೊಂಡಿರುತ್ತದೆ. ಕಪಾಟಿನ ಒಳಗೆ, ಮೇಲಿನ ಹಲಗೆಯ ಕೆಳಗೆ, ನಾಲ್ಕು ಇಂಚು ಅಗಲದ 18 ಎಂಎಂ ಪಟ್ಟಿ ಇರಲೇಬೇಕು. ಅದು ಎರಡೂ ಪಕ್ಕದ ಹಲಗೆಗೆ, ಮೇಲಿನ ಹಲಗೆಗೆ ಫೆವಿಕಾಲ್ ಮತ್ತು ಸ್ಕ್ರೂ ಎರಡರಿಂದಲೂ ಕೂತಿರಬೇಕು. ಕೆಳಗೂ ಅಂಥದೇ ಒಂದು ಪಟ್ಟಿ. ರೆಡಿಮೇಡ್ ಕಪಾಟು ತರುವವರು ಅಂಗಡಿಯಲ್ಲೇ ಬಾಗಿಲು ತೆಗೆದು ಒಳಗೆ ಕೈ ಹಾಕಿ ನೋಡಿ. ಪಟ್ಟಿ ಇಲ್ಲದಿದ್ದರೆ, ಗೋಡೆಯ ಪಟ್ಟಿಗೆ ಸಿಕ್ಕಿಸುವ ಕಬ್ಬಿಣದ ಹ್ಯಾಂಗರ್ ಆದರೂ ಇರಬೇಕು. ಎರಡೂ ಇಲ್ಲ ಅಂದರೆ ಬಿಟ್ಟು ಬನ್ನಿ.

ಈಗ ಎತ್ತರ. ಪುಸ್ತಕದ ಅಳತೆ ಹೇಳುವುದಾದರೆ ಕಟ್ಟೆ ನೆಲದಿಂದ 34 ಇಂಚು, ಕಪಾಟಿನ ತಳ 54 ಇಂಚು, ನಡುವೆ 20. ಆದರೆ ನಾನು ಟೇಪ್ ಹಿಡಿಯುವ ಮುಂಚೆ ಅಡಿಗೆ ಮಾಡುವವರನ್ನೇ ಕಟ್ಟೆಯ ಮುಂದೆ ನಿಲ್ಲಿಸುತ್ತೇನೆ. ನಿಟುವಳ್ಳಿಯ ಒಂದು ಮನೆಯಲ್ಲಿ ಯಜಮಾನರು ಆರಡಿ, ಅವರ ಮನೆಯವರು ಐದಡಿಗೂ ಕಡಿಮೆ. ಅಣ್ಣಾರು 24 ಇಂಚು ಬಿಡಿ ಅಂದರು. "ಅಕ್ಕಾರೆ, ಇಲ್ಲಿ ನಿಂತು ಕೈ ಎತ್ರಿ ನೋಡೋಣ" ಅಂದೆ. ಕೆಳಗಿನ ಅರೆಗೇ ಅವರ ಕೈ ಸರಿಯಾಗಿ ಸಿಗಲಿಲ್ಲ. "ದಿನಾ ಸ್ಟೂಲ್ ಹತ್ತಿ ಸಾಸಿವೆ ತಗೀಬೇಕಾ ನಾನು?" ಅಂದರು. 18 ಇಂಚಿಗೆ ಇಳಿಸಿದೆವು. ಒಲೆಯ ಮೇಲೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಚಿಮಣಿ ಬರಬೇಕು, ಅದಕ್ಕೂ ಒಲೆಗೂ ನಡುವೆ 26ರಿಂದ 30 ಇಂಚು ಬೇಕು. ಚಿಮಣಿ ಇಲ್ಲದೆ ಒಲೆಯ ನೆತ್ತಿಯ ಮೇಲೆ ಮರದ ಕಪಾಟು ನಾನು ಹಾಕಿಕೊಡುವುದೇ ಇಲ್ಲ. ಬೆಣ್ಣೆ ದೋಸೆ ಹಾಕುವ ಮನೆಗಳು ನಮ್ಮವು, ಜಿಡ್ಡು ಕುಡಿದ ಮರ ಬೆಂಕಿಗೆ ಕಾಯುತ್ತಿರುತ್ತದೆ.

ಮಟ್ಟದ ವಿಷಯಕ್ಕೆ ಬಂದರೆ, ಜಾಸ್ತಿ ಜನ ತಪ್ಪುವುದು ಇಲ್ಲೇ. ಕಟ್ಟೆಯಿಂದ ಅಲ್ಲಲ್ಲಿ 20 ಇಂಚು ಅಳೆದು ಗುರುತು ಹಾಕಿ, ಗುರುತುಗಳನ್ನು ಸೇರಿಸಿ ಗೆರೆ ಎಳೆದುಬಿಡುತ್ತಾರೆ. ಕಟ್ಟೆಯೇ ಮಟ್ಟ ಇಲ್ಲದಿದ್ದರೆ? ನಮ್ಮೂರಿನ ಎಂ.ಸಿ.ಸಿ. ಬಿ ಬ್ಲಾಕ್ ಬಡಾವಣೆಯಲ್ಲಿ ಒಂದು ಹೊಸ ಮನೆ. ಎಂಟು ಅಡಿ ಗ್ರಾನೈಟ್ ಕಟ್ಟೆ, ಸಿಂಕ್ ಕಡೆಗೆ 9 ಎಂಎಂ ಇಳಿಜಾರಿತ್ತು. ನೀರು ಹರಿಯಲಿ ಅಂತ ಗಾರೆಯವರು ಬೇಕಂತಲೇ ಕೊಟ್ಟದ್ದು. ಕಟ್ಟೆಗೆ ಅದು ಒಳ್ಳೆಯದೇ. ಕಪಾಟಿಗೆ ಕೊಟ್ಟರೆ ಬಾಗಿಲು ಸಾಲಾಗಿ ಮೆಟ್ಟಿಲಿನ ಹಾಗೆ ಕಾಣುತ್ತವೆ.

ಹಾಗಾಗಿ ಕಟ್ಟೆ, ನೆಲ, ಮೇಲಿನ ಸ್ಲ್ಯಾಬ್ ಯಾವುದನ್ನೂ ನಂಬಬೇಡಿ. ನೀರನ್ನು ನಂಬಿ. ಗಾರೆಯವರು ಬಳಸುವ ಲೆವೆಲ್ ಪೈಪ್, ಅದೇ ಗಾಜಿನ ಹಾಗೆ ಕಾಣುವ ಪ್ಲಾಸ್ಟಿಕ್ ಪೈಪು, 20-30 ಅಡಿ ಸಾಕು. ನೀರು ತುಂಬಿ. ಒಳಗೆ ಒಂದು ಗುಳ್ಳೆಯೂ ಇರಬಾರದು. ಗುಳ್ಳೆ ಇದ್ದರೆ ಮಟ್ಟ ಸುಳ್ಳು ಹೇಳುತ್ತದೆ. ಎರಡೂ ತುದಿಯನ್ನು ಒಂದೇ ಕಡೆ ಜೋಡಿಸಿ ಹಿಡಿದು, ನೀರು ಎರಡರಲ್ಲೂ ಸಮ ನಿಂತಿತಾ ನೋಡಿ. ಆಮೇಲೆ ತುದಿಗಳಿಗೆ ಹೆಬ್ಬೆರಳು ಒತ್ತಿಕೊಂಡು ಒಬ್ಬರು ಈ ಮೂಲೆ, ಇನ್ನೊಬ್ಬರು ಆ ಮೂಲೆ. ಹೆಬ್ಬೆರಳು ತೆಗೆದು ನೀರು ಕುಣಿಯುವುದು ನಿಲ್ಲುವ ತನಕ ಕಾಯಿರಿ. ನೀರು ನಿಂತ ಕಡೆ ಎರಡೂ ಗೋಡೆಯಲ್ಲಿ ಗುರುತು ಹಾಕಿ. ಬಣ್ಣದ ಪುಡಿ ಹಚ್ಚಿದ ದಾರವನ್ನು ಎರಡು ಗುರುತಿಗೂ ಬಿಗಿಯಾಗಿ ಹಿಡಿದು ನಡುವೆ ಎಳೆದು ಬಿಡಿ. ಟಪ್ ಅಂತ ಹೊಡೆದು ಗೆರೆ ಮೂಡುತ್ತದೆ. ಇದು ನಿಮ್ಮ ಮೂಲ ಗೆರೆ. ಇನ್ನು ಮುಂದಿನ ಎಲ್ಲಾ ಅಳತೆ ಇದರಿಂದಲೇ. ಕಟ್ಟೆ ಎಲ್ಲಿ ಎಲ್ಲಕ್ಕಿಂತ ಎತ್ತರ ಇದೆಯೋ ಆ ಜಾಗದಿಂದ ಕಪಾಟಿನ ತಳದ ಎತ್ತರ ಒಂದೇ ಸಲ ಅಳೆದು, ಮೂಲ ಗೆರೆಗೆ ಎಷ್ಟು ದೂರ ಅಂತ ಬರೆದುಕೊಳ್ಳಿ.

ನನ್ನ ಹತ್ತಿರ ಈಗ ಗೋಡೆಯ ಮೇಲೆ ಮಟ್ಟದ ಗೆರೆ ಬೆಳಗಿಸುವ ಲೇಸರ್ ಇದೆ. ಹಚ್ಚಿದರೆ ಅರ್ಧ ನಿಮಿಷದ ಕೆಲಸ. ಆದರೂ ಪೈಪು ಗಾಡಿಯ ಡಿಕ್ಕಿಯಲ್ಲೇ ಇರುತ್ತದೆ. ಲೇಸರ್ ಒಂದು ಸಲ ಕೈಜಾರಿ ಬಿದ್ದರೆ ಆಮೇಲೆ ಅದು ಹೇಳಿದ್ದು ನಿಜವೋ ಸುಳ್ಳೋ ಕೇಳುವುದಕ್ಕೆ ನೀರೇ ಬೇಕು. ರಸಮಟ್ಟವೂ (ಸ್ಪಿರಿಟ್ ಲೆವೆಲ್) ಅಷ್ಟೇ. ಒಂದು ಕಡೆ ಇಟ್ಟು ಗುಳ್ಳೆ ನೋಡಿ, ಅದೇ ಜಾಗದಲ್ಲಿ ತಿರುಗಿಸಿ ಇಟ್ಟು ಮತ್ತೆ ನೋಡಿ. ಗುಳ್ಳೆ ಎರಡು ಸಲವೂ ಒಂದೇ ಕಡೆ ನಿಂತರೆ ಸರಿ. ಬೇರೆ ಬೇರೆ ಕಡೆ ನಿಂತರೆ ಆ ರಸಮಟ್ಟವನ್ನು ಮಕ್ಕಳಿಗೆ ಆಡಲು ಕೊಡಿ.

ಡ್ರಿಲ್ ಎತ್ತುವ ಮುಂಚೆ ಗೋಡೆಯೊಳಗೆ ಏನಿದೆ ಯೋಚಿಸಿ. ಸ್ವಿಚ್ ಬೋರ್ಡಿನಿಂದ ವೈರಿನ ಪೈಪು ಸಾಮಾನ್ಯವಾಗಿ ನೇರ ಮೇಲಕ್ಕೆ ಹೋಗಿರುತ್ತದೆ. ನಲ್ಲಿಯ ಪೈಪು ಮೇಲಿನ ಟ್ಯಾಂಕಿನಿಂದ ನೇರ ಕೆಳಗೆ ಇಳಿದಿರುತ್ತದೆ. ಬೋರ್ಡು, ನಲ್ಲಿ, ವಾಟರ್ ಫಿಲ್ಟರ್ ಪಾಯಿಂಟ್ ಇವುಗಳ ನೇರಕ್ಕೆ ಮೇಲಿಂದ ಕೆಳಗಿನ ತನಕ, ಆಚೆ ಈಚೆ ನಾಲ್ಕು ನಾಲ್ಕು ಇಂಚು ಬಿಟ್ಟುಬಿಡಿ. ಅಡಿಗೆಮನೆಯ ಎಂಸಿಬಿ (ಮೀಟರ್ ಬೋರ್ಡಿನ ಹತ್ತಿರ ಕರೆಂಟ್ ಕಡಿಯುವ ಸ್ವಿಚ್ಚು) ಆಫ್ ಮಾಡಿ, ಡ್ರಿಲ್ಲಿಗೆ ಬೇರೆ ರೂಮಿನಿಂದ ಕರೆಂಟ್ ಎಳೆದುಕೊಳ್ಳಿ. ಈಗ ಮನೆ ಕಟ್ಟಿಸುತ್ತಿರುವವರು ಗಾರೆ ಬಳಿಯುವ ಮುಂಚೆ ಪ್ರತಿ ಗೋಡೆಗೂ ಟೇಪ್ ಹಿಡಿದು ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಇನ್ನು ಪುಡಿ. ತೂತು ಕೊರೆಯುವ ಜಾಗದ ಕೆಳಗೆ ಒಂದು ಹಳೇ ಮದುವೆ ಪತ್ರಿಕೆಯನ್ನು ಅರ್ಧ ಮಡಚಿ ಟೇಪಿನಿಂದ ಅಂಟಿಸುತ್ತೇನೆ. ನಮ್ಮ ಕಡೆ ಮದುವೆ ಪತ್ರಿಕೆಗೇನು ಬರವಾ! ಪುಡಿ ಅದರೊಳಗೆ ಬೀಳುತ್ತದೆ. ಕಟ್ಟೆಯೂ ಕೊಳೆಯಾಗುವುದಿಲ್ಲ, ಗೋಡೆಯ ಕಥೆಯೂ ಗೊತ್ತಾಗುತ್ತದೆ.

ಮೊದಲು ಬೀಳುವುದು ಬೂದಿ ಬಣ್ಣ. ಅದು ಗಾರೆ. ಒಂದೂವರೆ ಸೆಂಟಿಮೀಟರ್ ಹೋದ ಮೇಲೆ ಬಣ್ಣ ಬದಲಾಗಬೇಕು. ಕುಂಕುಮದ ಹಾಗೆ ಕೆಂಪು ಪುಡಿ ಬಂತಾ? ಇಟ್ಟಿಗೆ ಸಿಕ್ಕಿತು. ಕೊನೆಯ ತನಕ ಕೆಂಪೇ ಬಂದರೆ ಆ ತೂತು ಚೊಕ್ಕ. ಬೂದಿ ಬಣ್ಣವೇ ಮುಂದುವರೆದು, ಡ್ರಿಲ್ಲಿನ ಬಿಟ್ (ಕೊರೆಯುವ ಕಡ್ಡಿ) ಬೆಣ್ಣೆಯೊಳಗೆ ಹೋದ ಹಾಗೆ ಸರ್ ಅಂತ ಹೋದರೆ ಅದು ಎರಡು ಇಟ್ಟಿಗೆಯ ನಡುವಿನ ಸಂದು. ಅಲ್ಲಿ ಪ್ಲಗ್ ಗಟ್ಟಿಯಾಗಿ ಕೂರುವುದಿಲ್ಲ. ಎರಡು ಇಂಚು ಪಕ್ಕಕ್ಕೋ ಮೇಲಕ್ಕೋ ಸರಿಯಿರಿ. ಬೂದಿ ಬಣ್ಣ, ಆದರೆ ಬಿಟ್ ಹಟ ಮಾಡುತ್ತಿದೆ ಅಂದರೆ ಟೊಳ್ಳಿಲ್ಲದ ಸಿಮೆಂಟ್ ಬ್ಲಾಕು ಅಥವಾ ಕಾಂಕ್ರೀಟ್ ಬೀಮು. ಚಿಂತೆ ಇಲ್ಲ, ಹಿಡಿತ ಚೆನ್ನಾಗಿಯೇ ಸಿಗುತ್ತದೆ, ಕೈ ನೋಯುತ್ತದೆ ಅಷ್ಟೆ. ಕಬ್ಬಿಣದ ಸದ್ದು ಬಂದು ಬಿಟ್ ಮುಂದೆ ಹೋಗದೆ ನಿಂತರೆ ಸರಳು. ಅದರ ಜೊತೆ ಜಗಳ ಬೇಡ, ಜಾಗ ಬದಲಿಸಿ.

ಪುಡಿ ರಂಗೋಲಿ ಹಿಟ್ಟಿನ ಹಾಗೆ ಬೆಳ್ಳಗೆ, ನುಣ್ಣಗೆ ಬಂದರೆ ಅದು ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಹಾಕುವ ಹಗುರ ಎಎಸಿ ಬ್ಲಾಕು. ಡ್ರಿಲ್ಲಿನ ಹ್ಯಾಮರ್, ಅಂದರೆ ಗುದ್ದುತ್ತಾ ಕೊರೆಯುವ ಗುಂಡಿ, ತಕ್ಷಣ ಬಂದ್ ಮಾಡಿ. ಹ್ಯಾಮರ್ ಹೊಡೆದರೆ ತೂತು ಬಾವಿಯ ಹಾಗೆ ಅಗಲ ಆಗುತ್ತದೆ. ಸುಮ್ನೆ ತಿರುಗಿಸಿ ಕೊರೆಯಿರಿ, ಆ ಬ್ಲಾಕಿಗೆಂದೇ ಬರುವ ಪ್ಲಗ್ ಕೇಳಿ ತನ್ನಿ, ಸ್ಕ್ರೂ ಸಂಖ್ಯೆ ಜಾಸ್ತಿ ಮಾಡಿ.

ಕಂದು ಮಣ್ಣು ಬಂದರೆ ಡ್ರಿಲ್ ಕೆಳಗಿಡಿ. ಹೋದ ವರ್ಷ ಚಿತ್ರದುರ್ಗದ ಹಳೇ ಬಡಾವಣೆಯ ಒಂದು ಮನೆಗೆ ಹೋಗಿದ್ದೆ. ಎರಡು ಅಡಿ ದಪ್ಪದ ಗೋಡೆ. ಮೇಲೆ ಸಿಮೆಂಟ್ ಗಾರೆ, ಬಣ್ಣ ಎಲ್ಲಾ ಹೊಸದು. ನಾಲ್ಕು ಸೆಂಟಿಮೀಟರ್ ಕೊರೆದರೆ ಒಳಗೆ ಮಣ್ಣು, ನಡುನಡುವೆ ಕಲ್ಲು. "ಏಳು ಸುತ್ತಿನ ಕೋಟೆ ಊರು ನಮ್ದು, ನಮ್ಮ ಗ್ವಾಡಿ ಒಂದು ಕಪಾಟು ಹೊರಲ್ವೇನಪ್ಪಾ?" ಅಂತ ಆ ಮನೆಯ ಅಜ್ಜಿ ಕೇಳಿದರು. ಮೇಲಿನಿಂದ ಬರುವ ಭಾರ ಎಷ್ಟು ಬೇಕಾದರೂ ಹೊರುತ್ತದೆ ಅಜ್ಜಿ, ಸ್ಕ್ರೂ ಹಿಡಿದುಕೊಳ್ಳುವುದಿಲ್ಲ ಅಂದೆ. ನೆಲದಿಂದಲೇ ನಿಲ್ಲುವ ಎತ್ತರದ ಕಪಾಟು ಮಾಡಿಕೊಟ್ಟೆ. ಮುಂದಕ್ಕೆ ವಾಲದ ಹಾಗೆ, ಕೊರೆಯುವಾಗ ಕಲ್ಲು ಸಿಕ್ಕ ಎರಡು ಕಡೆ ಮಾತ್ರ ಗೋಡೆಗೆ ಕಟ್ಟಿದೆ.

ಸ್ಕ್ರೂ ಉದ್ದದ ಲೆಕ್ಕ ಈಗ ನಿಮಗೇ ಗೊತ್ತಾಗಿರಬೇಕು. ಪಟ್ಟಿ 18, ಹಿಂದಿನ ಹಲಗೆ 8, ಗಾರೆ 15, ಇಟ್ಟಿಗೆಯೊಳಗೆ ಕನಿಷ್ಠ 50. ಒಟ್ಟು 91. ಅಂಗಡಿಯಲ್ಲಿ 100 ಎಂಎಂ ಕೇಳಿ. ಗೋಡೆಗೆ ಟೈಲ್ಸ್ ಇದ್ದರೆ ಟೈಲ್ 8, ಅದರ ಹಿಂದಿನ ಸಿಮೆಂಟ್ 10 ಅಂತ ಇನ್ನೂ 18 ಸೇರುತ್ತದೆ. ಆಗ 115 ಅಥವಾ 120. ನಾನು ಬಳಸುವುದು 10 ಎಂಎಂ ದಪ್ಪದ ಉದ್ದನೆಯ ನೈಲಾನ್ ಪ್ಲಗ್, ಅದರ ಜೊತೆಗೇ 7 ಎಂಎಂ ಸ್ಕ್ರೂ ಸೆಟ್ಟಾಗಿ ಬರುತ್ತದೆ. ಇದರ ತುದಿ ಮಾತ್ರ ಅರಳಿಕೊಳ್ಳುತ್ತದೆ. ಹಾಗಾಗಿ ಟೈಲ್ ಸೀಳುವುದಿಲ್ಲ. ಪ್ಲೈವುಡ್ಡಿಗೆ ಬಳಸುವ ಕಪ್ಪು ಜಿಪ್ಸಂ ಸ್ಕ್ರೂ ಇದಕ್ಕೆ ಬೇಡವೇ ಬೇಡ. ಅದು ಬಗ್ಗುವುದಿಲ್ಲ, ಪಟ್ ಅಂತ ಮುರಿಯುತ್ತದೆ. ಯಾರಾದರೂ ಜೇಬಿನಿಂದ ಕಪ್ಪು ಸ್ಕ್ರೂ ತೆಗೆದರೆ ಕೈ ಹಿಡಿದುಕೊಳ್ಳಿ.

ಕೊರೆಯುವ ಆಳ ಗೊತ್ತಾಗಲು ಬಿಟ್ಟಿನ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿ, ಸ್ಕ್ರೂ ಹೋಗುವುದಕ್ಕಿಂತ 10 ಎಂಎಂ ಜಾಸ್ತಿ ಆಳಕ್ಕೆ. ಟೈಲ್ ಇದ್ದರೆ ಮೊದಲು ಟೈಲ್ ಬಿಟ್ ಹಾಕಿ, ಹ್ಯಾಮರ್ ಇಲ್ಲದೆ, ನಿಧಾನ. ಟೈಲ್ ದಾಟಿದ ಮೇಲೆ ಗೋಡೆಯ ಬಿಟ್, ಆಗ ಹ್ಯಾಮರ್. ನಾಲ್ಕೂವರೆ ಇಂಚಿನ ಗೋಡೆಯಾದರೆ ಕೈ ಹಗುರ ಇರಲಿ. ಜೋರಾಗಿ ಒತ್ತಿದರೆ ಆಚೆ ಕೋಣೆಯ ಗಾರೆ ಉದುರುತ್ತದೆ. ತೂತಾದ ಮೇಲೆ ಒಳಗಿನ ಪುಡಿ ತೆಗೆಯದೆ ಪ್ಲಗ್ ಹೊಡೆಯುವವರನ್ನು ದಿನಾ ನೋಡುತ್ತೇನೆ. ಪುಡಿಯ ಮೇಲೆ ಪ್ಲಗ್ ಕಚ್ಚುವುದಿಲ್ಲ, ಜಾರುತ್ತದೆ. ಸೈಕಲ್ ಪಂಪಿನ ಪೈಪಿಗೆ ಸಣ್ಣ ನಳಿಕೆ ಸಿಕ್ಕಿಸಿ ನಾಲ್ಕು ಸಲ ಊದಿ. ಬಾಯಿಂದ ಊದಲು ಹೋಗಿ ಕಣ್ಣು ತುಂಬಿಕೊಳ್ಳಬೇಡಿ, ನನಗೆ ಅನುಭವ ಇದೆ.

ಎತ್ತಿ ಕೂರಿಸಲು ಇಬ್ಬರು ಬೇಕು. ಬಾಗಿಲು, ಅರೆ ಎಲ್ಲಾ ಬಿಚ್ಚಿ ಪಕ್ಕಕ್ಕಿಡಿ, ಅರ್ಧ ಭಾರ ಕಡಿಮೆ. ಕಟ್ಟೆಯ ಮೇಲೆ ಗೋಣಿಚೀಲ ಹಾಸಿ, ಕಪಾಟಿನ ತಳದ ಎತ್ತರಕ್ಕಿಂತ ಅರ್ಧ ಇಂಚು ಗಿಡ್ಡ ಇರುವ ಎರಡು ಮರದ ಕಾಲು ನಿಲ್ಲಿಸಿ. ಅವುಗಳ ಮೇಲೆ ಜೋಡಿ ಬೆಣೆ. ಕಪಾಟು ಅದರ ಮೇಲೆ ಕೂತ ಮೇಲೆ ಬೆಣೆಯನ್ನು ಸುತ್ತಿಗೆಯಿಂದ ಮೆತ್ತಗೆ ತಟ್ಟಿದರೆ ಕಪಾಟು ಕೂದಲೆಳೆಯಷ್ಟು ಮೇಲೇಳುತ್ತದೆ. ಗೆರೆಗೆ ತಂದು ನಿಲ್ಲಿಸಿ. ನಮ್ಮ ಹುಡುಗ ಒಮ್ಮೆ ಕಾರಿನ ಜ್ಯಾಕ್ ತಂದ. ನಾನು ನಕ್ಕೆ. ಆಮೇಲೆ ನಾನೂ ಅದನ್ನೇ ಬಳಸುತ್ತಿದ್ದೇನೆ.

ಮೂಲೆಯಿಂದ ಶುರು ಮಾಡಿ. ಮೂಲೆಯ ಕಪಾಟು ಸರಿಯಾಗಿ ಕೂತರೆ ಮಿಕ್ಕವು ಅದರ ಹಿಂದೆ ಬರುತ್ತವೆ. ಮೊದಲು ಮೂಲೆಮಟ್ಟ ಇಟ್ಟು ನೋಡಿ. ನಮ್ಮ ಮನೆಗಳ ಮೂಲೆ ನೆಟ್ಟಗಿರುವುದು ಅಪರೂಪ. ವಾರೆ ಇದ್ದರೆ ಗೋಡೆಯ ಕಡೆ ಒಂದು ಇಂಚು ಪಟ್ಟಿ ಬಿಟ್ಟುಕೊಳ್ಳಿ, ಇಲ್ಲದಿದ್ದರೆ ಬಾಗಿಲು ತೆರೆದಾಗ ಹಿಡಿ ಗೋಡೆಗೆ ಬಡಿಯುತ್ತದೆ.

ಕಪಾಟು ಬೆಣೆಯ ಮೇಲೆ ಇರುವಾಗಲೇ ಪಟ್ಟಿಯಲ್ಲಿ ಮೊದಲೇ ಮಾಡಿದ ತೂತಿನಿಂದ ಗೋಡೆಗೆ ಗುರುತು ಹಾಕಿ, ಕೆಳಗಿಳಿಸಿ, ಗೋಡೆ ಕೊರೆಯಿರಿ. ಮತ್ತೆ ಏರಿಸಿ ಪ್ಲಗ್ ಹೊಡೆದು ಸ್ಕ್ರೂ ತಿರುಗಿಸಿ. ಮೂರು ಅಡಿ ಕಪಾಟಿಗೆ ಮೇಲೆ ನಾಲ್ಕು, ಕೆಳಗೆ ಎರಡು. ಮೇಲಿನ ಎರಡು ತುದಿಯ ಸ್ಕ್ರೂ ಪಕ್ಕದ ಹಲಗೆಗೆ ಹತ್ತಿರ ಇರಲಿ.

ಆದರೆ ಪೂರ್ತಿ ಬಿಗಿ ಮಾಡಬೇಡಿ. ಗೋಡೆ ಉಬ್ಬುತಗ್ಗು ಇರುತ್ತದೆ. ಹಾಗೇ ಬಿಗಿ ಮಾಡಿದರೆ ಕಪಾಟು ಗೋಡೆಯ ಜೊತೆ ತಿರುಚಿಕೊಳ್ಳುತ್ತದೆ. ಆಮೇಲೆ ಬಾಗಿಲು ಒಂದಕ್ಕೊಂದು ಸೇರುವುದಿಲ್ಲ, ಹಿಂಜ್ ಸರಿ ಇಲ್ಲ ಅಂತ ಹಿಂಜನ್ನು ಬೈಯುತ್ತೀರಿ. ಮುಂದಿನ ಅಂಚಿಗೆ ರಸಮಟ್ಟ ನಿಲ್ಲಿಸಿ ನೋಡಿ. ಗೋಡೆ ತಗ್ಗಿರುವ ಕಡೆ, ಸ್ಕ್ರೂ ಪಕ್ಕದಲ್ಲೇ ಸನ್‌ಮೈಕಾ ಚೂರು ತುರುಕಿ. ಒಂದು ಚೂರು ಒಂದು ಎಂಎಂ, ಲೆಕ್ಕಕ್ಕೆ ಸುಲಭ. ಸಂದು ತುಂಬಿದ ಮೇಲೆ ಬಿಗಿ ಮಾಡಿ. ಬಿಗಿ ಆದ ಮೇಲೆ ಇನ್ನೊಮ್ಮೆ ರಸಮಟ್ಟ.

ಪಕ್ಕದ ಕಪಾಟನ್ನು ಮೊದಲಿನದಕ್ಕೆ ಕ್ಲ್ಯಾಂಪ್ ಹಾಕಿ, ಮುಂದಿನ ಅಂಚು ಉಗುರಿಗೆ ತಾಕದ ಹಾಗೆ ಸೇರಿಸಿ. ಎರಡು ಹಲಗೆ ಸೇರಿ 36 ಎಂಎಂ. 30ರ ಸ್ಕ್ರೂ ಹಾಕಿ, ಆಚೆ ತೂರಿ ಬರುವುದಿಲ್ಲ. ಬಾಗಿಲು ಹಾಕುವುದು ಎಲ್ಲಕ್ಕಿಂತ ಕೊನೆಗೆ. ಟೈಲ್ಸ್ ಸೇರುವ ಕಡೆ ತೆಳ್ಳಗೆ ಸಿಲಿಕಾನ್ ಎಳೆದರೆ ಜಿರಳೆಗೆ ದಾರಿ ಇರುವುದಿಲ್ಲ.

ಕಾಲು, ಬೆಣೆ ತೆಗೆದ ಮೇಲೆ ನಾನು ಒಂದು ಪರೀಕ್ಷೆ ಮಾಡುತ್ತೇನೆ. ಕಪಾಟಿನ ಮೇಲಿನ ಅಂಚು ಗೋಡೆಗೆ ತಾಕುವ ಕಡೆ ಸಣ್ಣ ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತೇನೆ. ಒಳಗೆ 20 ಲೀಟರಿನ ನೀರಿನ ಕ್ಯಾನ್ ಎರಡು ಇಡುತ್ತೇನೆ. ನೀರು ಲೀಟರಿಗೆ ಒಂದು ಕೆ.ಜಿ., ಅಲ್ಲಿಗೆ 40 ಕೆ.ಜಿ. ಕ್ಯಾನ್ ಎತ್ತರ ಅಂತ ನಡುವಿನ ಅರೆ ತೆಗೆದಿರುತ್ತೇನೆ. ರಾತ್ರಿ ಹಾಗೇ ಬಿಟ್ಟು ಹೋಗುತ್ತೇನೆ. ಒಲೆಯ ಹತ್ತಿರ ಯಾರೂ ಮಲಗಬೇಡಿ ಅಂತ ಹೇಳಿಯೇ ಹೋಗುತ್ತೇನೆ, ನಗುತ್ತಾರೆ. ಬೆಳಿಗ್ಗೆ ಬಂದು ಗೆರೆಯ ಹತ್ತಿರ ಗೋಡೆಗೂ ಕಪಾಟಿಗೂ ನಡುವೆ ಹಳೇ ಕ್ಯಾಲೆಂಡರಿನ ಹಾಳೆ ತೂರುತ್ತದಾ ನೋಡುತ್ತೇನೆ. ತೂರಿದರೆ ಬಿಚ್ಚಿ ಮತ್ತೆ ಶುರು.

ಸಾಮಾನು ಜೋಡಿಸುವಾಗ ಅಕ್ಕಿ, ಎಣ್ಣೆ, ಬೆಲ್ಲ ಕೆಳಗಿನ ಅರೆಯಲ್ಲಿ ಇಡಿ, ಆದಷ್ಟು ಗೋಡೆಯ ಕಡೆಗೆ. ಮೇಲಿನ ಅರೆಗೆ ಮಂಡಕ್ಕಿ ಡಬ್ಬ. ದಾವಣಗೆರೆಯ ಪ್ರತಿ ಮನೆಯಲ್ಲೂ ಒಂದು ದೊಡ್ಡ ಮಂಡಕ್ಕಿ ಡಬ್ಬ ಇರುತ್ತದೆ, ಜಾಗ ಪೂರ್ತಿ ತಿನ್ನುತ್ತದೆ, ತೂಕ ಮಾತ್ರ ಏನೂ ಇಲ್ಲ. ನಮ್ಮ ಮನೆಯ ಕಪಾಟು ಅದೇ ಗೋಡೆಗೆ ಮತ್ತೆ ಹೊಡೆದೆ, ಈ ಸಲ 100ರ ಸ್ಕ್ರೂ ಹಾಕಿ. ಅವ್ವ ಆರು ತಿಂಗಳು ಅದರಲ್ಲಿ ಮಂಡಕ್ಕಿ ಬಿಟ್ಟು ಬೇರೇನೂ ಇಡಲಿಲ್ಲ.